ನಾರ್ಮಲ್ ಎಂದರೆ ಯಾರಿಗೆ ನಾರ್ಮಲ್?

ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ ರಿಪೋರ್ಟ್ ಕೈಗೆ ಬಂದಾಗ ನಾವೆಲ್ಲ ಮೊದಲು ನೋಡುವುದು ಕೊನೆಯ ಕಾಲಂ. ನಮ್ಮ ಸಂಖ್ಯೆ ಅಲ್ಲಿ ಕೊಟ್ಟ ಮಿತಿಯೊಳಗಿದ್ದರೆ ನೆಮ್ಮದಿ, ರಿಪೋರ್ಟ್ ಮಡಚಿಟ್ಟು ಕೆಲಸಕ್ಕೆ ಹೊರಡುತ್ತೇವೆ. ಆ ಮಿತಿ ಹಾಕಿದವರು ಯಾರು, ಯಾರ ರಕ್ತ ನೋಡಿ ಹಾಕಿದರು ಎಂದು ಕೇಳುವುದಿಲ್ಲ.

ದಾವಣಗೆರೆ ಬಿಟ್ಟು ಹೈದರಾಬಾದಿಗೆ ಬಂದು ನನಗೆ ಹದಿನಾಲ್ಕು ವರ್ಷವಾಯಿತು. ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ರಕ್ತ, ನೀರು, ಮಣ್ಣಿನಲ್ಲಿ ಸೀಸ, ಪಾದರಸ, ಆರ್ಸೆನಿಕ್ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಆ ಕೊನೆಯ ಕಾಲಂ ಬಗ್ಗೆ ಅನುಮಾನಪಡಲು ನನಗೆ ಕಲಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಭೂಮಿಯ ವಯಸ್ಸು ಕಂಡುಹಿಡಿದವರು ಎಂದು ಅವರ ಹೆಸರು ಕೆಲವರಿಗೆ ಗೊತ್ತಿರಬಹುದು. ನನಗೆ ಅವರು ಮುಖ್ಯವಾಗುವುದು ನಮ್ಮ ಮೈಯೊಳಗಿನ ಸೀಸದ ಲೆಕ್ಕ ಕೇಳಿದ್ದಕ್ಕೆ.

ಪ್ಯಾಟರ್ಸನ್ ಹುಟ್ಟಿದ್ದು 1922ರಲ್ಲಿ, ಐಯೊವಾ ರಾಜ್ಯದ ಮಿಚೆಲ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಂಚೆ ಇಲಾಖೆಯಲ್ಲಿದ್ದರು. ರಸಾಯನಶಾಸ್ತ್ರ ಓದಿದ ಮಗ ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಗೆ ಸೇರಿ, ಓಕ್ ರಿಡ್ಜ್‌ನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ನಡೆಸುವುದನ್ನು ಕಲಿತರು. ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ ಅದು. ಬಾಂಬಿಗಾಗಿ ದುಡಿದದ್ದು ಅವರನ್ನು ಆಮೇಲೆ ಕಾಡಿತು. ವಿದ್ಯೆ ಮಾತ್ರ ಕೈಯಲ್ಲಿ ಉಳಿಯಿತು.

ಯುದ್ಧ ಮುಗಿದ ಮೇಲೆ ಷಿಕಾಗೊ ವಿಶ್ವವಿದ್ಯಾಲಯದ ಹ್ಯಾರಿಸನ್ ಬ್ರೌನ್ ಅವರಿಗೊಂದು ಕೆಲಸ ಕೊಟ್ಟರು. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಕಲ್ಲಿನೊಳಗೆ ಎರಡೂ ಎಷ್ಟಿವೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಗುತ್ತದೆ. ಹೇಳಲು ಸುಲಭ, ಆದರೆ ಪ್ಯಾಟರ್ಸನ್ ಅಳೆದಾಗಲೆಲ್ಲ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಸೀಸ ಬರುತ್ತಿತ್ತು. ಕಲ್ಲೇ ಹಾಕದೆ ಅಳೆದರೂ ಬರುತ್ತಿತ್ತು. ಸೀಸ ಇದ್ದದ್ದು ಗಾಳಿಯಲ್ಲಿ, ನೀರಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಅವರದೇ ತಲೆಗೂದಲು, ಬಟ್ಟೆಯಲ್ಲಿ. ಅದನ್ನು ಹೊರಗಿಡಲು ವರ್ಷಗಳೇ ಹಿಡಿದವು. ಮುಂದೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ, ಸೋಸಿದ ಗಾಳಿ ಮಾತ್ರ ಒಳಬರುವ, ಪಾತ್ರೆಗಳನ್ನು ಆಸಿಡ್‌ನಲ್ಲಿ ಮತ್ತೆ ಮತ್ತೆ ತೊಳೆಯುವ ಪ್ರಯೋಗಾಲಯ ಕಟ್ಟಿದರು. ಹೀಗೆ ಉಲ್ಕಾಶಿಲೆಯ ಸೀಸ ಅಳೆದು, 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಪ್ರಕಟಿಸಿದರು. ಆ ಲೆಕ್ಕ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ.

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೂ ಮೊದಲು ಹೇಳಿಕೊಡುವುದು ಇದನ್ನೇ. ಸ್ಯಾಂಪಲ್ ಹಾಕುವ ಮುಂಚೆ ಬ್ಲಾಂಕ್ ಓಡಿಸಬೇಕು, ಅಂದರೆ ಏನೂ ಹಾಕದೆ ಅಳೆಯಬೇಕು. ಬ್ಲಾಂಕ್‌ನಲ್ಲೇ ಸೀಸ ಬಂದರೆ ಮುಂದಿನ ಯಾವ ಸಂಖ್ಯೆಗೂ ಅರ್ಥವಿಲ್ಲ.

ಭೂಮಿಯ ವಯಸ್ಸು ಸಿಕ್ಕಿದ ಮೇಲೆ ಪ್ಯಾಟರ್ಸನ್ ಸುಮ್ಮನಿರಬಹುದಿತ್ತು. ಆದರೆ ಇಷ್ಟು ಸೀಸ ಎಲ್ಲಿಂದ ಬಂತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಸಮುದ್ರದ ನೀರು ಅಳೆದರು. ಆಳದ ಹಳೆಯ ನೀರಿಗಿಂತ ಮೇಲಿನ ನೀರಿನಲ್ಲಿ ಸೀಸ ಬಹಳ ಹೆಚ್ಚಿತ್ತು. ಅಂದರೆ ಅದು ಇತ್ತೀಚೆಗೆ ಬಂದು ಸೇರಿದ್ದು. ಎಂಜಿನ್ ಬಡಿತ ತಡೆಯಲೆಂದು 1923ರಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದತ್ತ ಅದು ಬೆರಳು ತೋರಿಸುತ್ತಿತ್ತು. ಈ ಸಂಶೋಧನೆಗೆ ಹಣ ಕೊಡುತ್ತಿದ್ದದ್ದು ತೈಲೋದ್ಯಮವೇ. ಫಲಿತಾಂಶ ಹೊರಬಿದ್ದ ಮೇಲೆ ಆ ಹಣ ನಿಂತಿತು. ಆಮೇಲೆ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮವನ್ನು ಪದರ ಪದರವಾಗಿ ತೆಗೆದು ಅಳೆದರು. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸೀಸ ಕಾಲದಿಂದ ಕಾಲಕ್ಕೆ ಏರುತ್ತ ಬಂದದ್ದು ಸ್ಪಷ್ಟವಾಗಿ ಕಂಡಿತು.

ಆ ಕಾಲದಲ್ಲಿ ಸೀಸದ ವಿಷಯಕ್ಕೆ ಕೊನೆಯ ಮಾತು ಸಿನ್ಸಿನಾಟಿಯ ವೈದ್ಯ ರಾಬರ್ಟ್ ಕೀಹೋ ಅವರದು. ಅವರ ಸಂಶೋಧನೆಗೆ ಆಸರೆ ಸೀಸದ ಉದ್ಯಮದ್ದು. ಅವರು ಕಾರ್ಖಾನೆ ಕೆಲಸಗಾರರನ್ನು, ಸಾಮಾನ್ಯ ಜನರನ್ನು, ಮೆಕ್ಸಿಕೊದ ಹಳ್ಳಿಯೊಂದರ ರೈತರನ್ನೂ ಪರೀಕ್ಷಿಸಿದ್ದರು. ಎಲ್ಲರ ಮೈಯಲ್ಲೂ ಸೀಸ ಸಿಕ್ಕಿತ್ತು. ಎಲ್ಲರಲ್ಲೂ ಇದೆ ಎಂದಮೇಲೆ ಅದು ಸಹಜ, ಡೆಸಿಲೀಟರ್ ರಕ್ತದಲ್ಲಿ 80 ಮೈಕ್ರೋಗ್ರಾಂ ದಾಟದಿದ್ದರೆ ಭಯವಿಲ್ಲ ಎಂಬುದು ಅವರ ವಾದ.

1965ರಲ್ಲಿ ಪ್ಯಾಟರ್ಸನ್ ಇದನ್ನು ಬುಡದಲ್ಲೇ ಪ್ರಶ್ನಿಸಿದರು. ಎಲ್ಲರಲ್ಲೂ ಇರುವುದು ಬೇರೆ, ಇರಬೇಕಾದದ್ದು ಬೇರೆ. ಆ ಹಳ್ಳಿಯವರೂ ಸೀಸದ ಹೊಳಪು ಹಚ್ಚಿದ ಮಣ್ಣಿನ ಪಾತ್ರೆಗಳಲ್ಲಿ ಉಣ್ಣುತ್ತಿದ್ದರು. ಊರಿಗೆ ಊರೇ ಅದೇ ಬಾವಿಯ ಕೆಟ್ಟ ನೀರು ಕುಡಿಯುವಾಗ ಅಕ್ಕಪಕ್ಕದ ಮನೆಯವರನ್ನು ಹೋಲಿಸಿ ನೀರು ಚೆನ್ನಾಗಿದೆ ಎಂದಂತೆ ಅದು. ಪ್ರಕೃತಿಯಲ್ಲಿ ಸೀಸ ಎಷ್ಟಿರಬೇಕಿತ್ತು ಎಂದು ಮೊದಲಿನಿಂದ ಲೆಕ್ಕ ಹಾಕಿದ ಪ್ಯಾಟರ್ಸನ್, ಸಾಮಾನ್ಯ ಅಮೆರಿಕನ್ನರ ಮೈಯಲ್ಲಿ ಅದರ ಸುಮಾರು 100 ಪಟ್ಟು ಇದೆ ಎಂದರು. ವಿಷವಿಜ್ಞಾನಿಗಳು ಕಲ್ಲು ಅಳೆಯುವವನಿಗೇಕೆ ಈ ಉಸಾಬರಿ ಎಂಬಂತೆ ನೋಡಿದರು. 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆ ವರದಿ ಕೊಟ್ಟ ರಾಷ್ಟ್ರೀಯ ಸಮಿತಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ.

ಅವರು ಅಳೆಯುವುದನ್ನು ಬಿಡಲಿಲ್ಲ. 1979ರಲ್ಲಿ ಪೆರುವಿನ 1600 ವರ್ಷ ಹಿಂದಿನ ಜನರ ಮೂಳೆಗಳನ್ನು ಸಹೋದ್ಯೋಗಿಗಳ ಜೊತೆ ಪರೀಕ್ಷಿಸಿದರು. ಈ ಕಾಲದವರ ಮೂಳೆಯ ಮುಂದೆ ಅವುಗಳಲ್ಲಿದ್ದ ಸೀಸ ಲೆಕ್ಕಕ್ಕೇ ಇರಲಿಲ್ಲ. ಮರುವರ್ಷ ಟ್ಯೂನಾ ಮೀನಿನ ಸರದಿ. ತಾಜಾ ಮೀನಿನಲ್ಲಿರುವ ಸೀಸವನ್ನು ಬೇರೆ ಪ್ರಯೋಗಾಲಯಗಳು ನಿಜಕ್ಕಿಂತ ಸುಮಾರು 1000 ಪಟ್ಟು ಹೆಚ್ಚಾಗಿ ಅಳೆದಿದ್ದವು. ಅದರಿಂದಾಗಿ, ಸೀಸದ ಬೆಸುಗೆಯ ಡಬ್ಬಿಯಿಂದ ಮೀನಿಗೆ ಸೇರುವ ಸೀಸ ದೊಡ್ಡ ವಿಷಯವೇ ಅಲ್ಲ ಎನ್ನಿಸಿತ್ತು.

ಪೆಟ್ರೋಲಿನಿಂದ ಸೀಸ ಹೊರಹೋಗುತ್ತ ಬಂದಂತೆ ಅಮೆರಿಕನ್ನರ ರಕ್ತದಲ್ಲೂ ಇಳಿಯಿತು. 1976–80ರ ಸಮೀಕ್ಷೆಯಲ್ಲಿ ಸರಾಸರಿ 12.8 ಮೈಕ್ರೋಗ್ರಾಂ ಇದ್ದದ್ದು 1988–91ರ ಹೊತ್ತಿಗೆ 2.8. ಮಕ್ಕಳಿಗೆ ಹಾಕಿದ್ದ ಮಿತಿಯೂ 1960ರ ದಶಕದ 60ರಿಂದ 40, 30, 25, 10 ಎಂದು ಇಳಿಯುತ್ತ ಈಗ 3.5ಕ್ಕೆ ನಿಂತಿದೆ. ಮಕ್ಕಳ ಮಿದುಳು ಬದಲಾಗಲಿಲ್ಲ, ಬದಲಾದದ್ದು ನಮ್ಮ ತಿಳಿವಳಿಕೆ. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಷೇಧವಾದದ್ದು 1996ರ ಜನವರಿ 1ರಂದು. ಪ್ಯಾಟರ್ಸನ್ ಅದಕ್ಕೂ ನಾಲ್ಕು ವಾರ ಮೊದಲು, 1995ರ ಡಿಸೆಂಬರ್ 5ರಂದು ತೀರಿಕೊಂಡಿದ್ದರು.

ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೆ ತುಸು ಮೊದಲು ಬೆಂಗಳೂರಿನ ಜಾರ್ಜ್ ಫೌಂಡೇಶನ್ ಹಲವು ಮಹಾನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿತ್ತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 10 ಮೈಕ್ರೋಗ್ರಾಂ ದಾಟಿದ್ದರು. ಪೆಟ್ರೋಲಿನ ಸೀಸ ಹೋದರೂ ಹಳೇ ಬ್ಯಾಟರಿ ಕರಗಿಸುವ ಜಾಗಗಳು, ಬಣ್ಣಗಳು ಇನ್ನೂ ಇವೆ.

ಕಳೆದ ವರ್ಷ ರಾಯಚೂರಿನ ಕಡೆಯವರೊಬ್ಬರು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಊರ ಹೊರಗಿನ ಒಂದು ಯಾರ್ಡ್‌ನಲ್ಲಿ ಹಳೇ ಬ್ಯಾಟರಿ ಒಡೆಯುವ ಕೆಲಸ. ಅಲ್ಲಿನ ಕ್ಯಾಂಪಿನಲ್ಲಿ ಅವರ ರಕ್ತ ನಾರ್ಮಲ್ ಎಂದಿದ್ದರಂತೆ. ಸುಳ್ಳಲ್ಲ, ಕೆಲಸಗಾರರಿಗೆ ಇಟ್ಟ ಮಿತಿಯೊಳಗೇ ಇತ್ತು. ಮಗುವಿನದು 19. ನಾನು ಕನ್ನಡದವನೆಂದು ಗೊತ್ತಾದ ಮೇಲೆ ಅವರು ಮತ್ತೆ ಮತ್ತೆ ಕೇಳಿದ್ದು ಒಂದೇ: ಮಗಳದೂ ನಾರ್ಮಲ್ ಇದೆಯಲ್ಲವೇ ಎಂದು. ಇಲ್ಲ ಅಂದೆ. ಅಪ್ಪನ ಅಂಗಿ, ಚಪ್ಪಲಿ, ತಲೆಗೂದಲ ಧೂಳು ಮನೆಗೆ ಬರುತ್ತದೆ, ಮಕ್ಕಳ ಮೈ ಸೀಸವನ್ನು ದೊಡ್ಡವರಿಗಿಂತ ಬೇಗ ಹೀರುತ್ತದೆ ಎಂದು ವಿವರಿಸಿದೆ. ಕೆಲಸದ ಬಟ್ಟೆ ಅಲ್ಲೇ ಬಿಟ್ಟು, ಸ್ನಾನ ಮಾಡಿ ಮಗುವನ್ನು ಎತ್ತಿಕೊಳ್ಳಿ ಎಂದು ಹೇಳಿ ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ.

ನಾಲ್ಕು ತಿಂಗಳಾದ ಮೇಲೆ ಮತ್ತೆ ಬಂದರು. 19 ಇದ್ದದ್ದು 12 ಆಗಿತ್ತು. ರಕ್ತದಲ್ಲಿನ ಸೀಸ ತಿಂಗಳುಗಳಲ್ಲಿ ಇಳಿಯುತ್ತದೆ, ಮೂಳೆಗೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಹೊರನಾಡಿನಲ್ಲಿ ಇಂಥ ಕೆಲಸದಲ್ಲಿರುವ ನಮ್ಮವರು ನಿಮಗೂ ಗೊತ್ತಿದ್ದರೆ, ಮನೆಯ ಮಕ್ಕಳ ರಕ್ತವನ್ನೂ ಒಮ್ಮೆ ನೋಡಿಸಲು ಹೇಳಿ. ಮಾಮೂಲಿ ಚೆಕಪ್‌ನಲ್ಲಿ ಸೀಸದ ಪರೀಕ್ಷೆ ಇರುವುದಿಲ್ಲ, ಕೇಳಿ ಮಾಡಿಸಬೇಕು.