ಬಿ.ವಿ. ಕಾರಂತ (1929–2002): ಬಂಗಾಳಿ ಕಲಾತ್ಮಕ ಚಿತ್ರಗಳಿಗೆ ಕನ್ನಡಿಗರೊಬ್ಬರ ಕೊಡುಗೆ

ಭಾರತೀಯ ಕಲಾತ್ಮಕ ಚಲನಚಿತ್ರವೆಂದೊಡನೆ ಸತ್ಯಜಿತ್ ರೇ, ಋತ್ವಿಕ್ ಘಟಕ್ ಮತ್ತು ಮೃಣಾಲ್ ಸೇನ್ ಎಂಬ ಮೂವರು ಬಂಗಾಳಿ ನಿರ್ದೇಶಕರ ಹೆಸರುಗಳು ಮೊದಲು ನೆನಪಿಗೆ ಬರುತ್ತವೆ. 1955ರಲ್ಲಿ ತೆರೆಕಂಡ ರೇ ಅವರ ‘ಪಥೇರ್ ಪಾಂಚಾಲಿ’ಯಿಂದ ಜಗತ್ತಿನ ಗಮನ ಸೆಳೆದ ಈ ಪರಂಪರೆಯಲ್ಲಿ ಕನ್ನಡಿಗರೊಬ್ಬರ ಪಾಲೂ ಇದೆಯೆಂಬ ಸಂಗತಿ ಟೇಕಲ್, ಮಾಲೂರು ಭಾಗದ ಸಾರ್ವಜನಿಕರಲ್ಲಿ ಅನೇಕರಿಗೆ ತಿಳಿದಿರಲಾರದು. ಅವರೇ ರಂಗನಿರ್ದೇಶಕ, ಸಂಗೀತ ಸಂಯೋಜಕ ಶ್ರೀ ಬಾಬುಕೋಡಿ ವೆಂಕಟರಮಣ ಕಾರಂತರು. ಇವರನ್ನು ಕಾದಂಬರಿಕಾರ ಡಾ. ಶಿವರಾಮ ಕಾರಂತರೊಂದಿಗೆ ಗೊಂದಲ ಮಾಡಿಕೊಳ್ಳುವವರು ಇಂದಿಗೂ ಇದ್ದಾರೆ. ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಆದರೆ ಇಬ್ಬರ ಹೆಸರೂ ಕೂಡಿರುವ ಚಿತ್ರವೊಂದಿದೆ. ಅದನ್ನು ಮುಂದೆ ವಿವರಿಸಲಾಗಿದೆ.

ಶ್ರೀ ಕಾರಂತರು 1929ರ ಸೆಪ್ಟೆಂಬರ್ 19ರಂದು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ ಜನಿಸಿದರು. ಮೂರನೆಯ ತರಗತಿಯಲ್ಲಿದ್ದಾಗಲೇ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಬಣ್ಣ ಹಚ್ಚಿದರು. ಆ ಹುಚ್ಚು ಬಿಡಲಿಲ್ಲ. ಬಾಲ್ಯದಲ್ಲಿಯೇ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಹುಡುಗನ ಓದಿನ ಆಸಕ್ತಿಯನ್ನು ಗುರುತಿಸಿದ ವೀರಣ್ಣನವರು ಮುಂದೆ ಅವರನ್ನು ಕಾಶಿಗೆ ಉನ್ನತ ವ್ಯಾಸಂಗಕ್ಕೆ ಕಳುಹಿಸಿದರು. ನಾಟಕ ಕಂಪನಿಯ ಮಾಲೀಕರೊಬ್ಬರು ತಮ್ಮಲ್ಲಿದ್ದ ನಟನನ್ನು ಸ್ನಾತಕೋತ್ತರ ಪದವಿಗೆ ಕಳುಹಿಸಿದ್ದು ಅಂದಿನ ಕಾಲಕ್ಕೆ ಅಪರೂಪದ ಸಂಗತಿಯೇ ಸರಿ. ಕಾಶಿಯಲ್ಲಿ ಹಿಂದಿ ಎಂ.ಎ. ಪದವಿಯ ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತದ ಶಿಕ್ಷಣವೂ ದೊರೆಯಿತು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಅವರು ಪದವಿ ಪಡೆದರು.

ಬಂಗಾಳದ ನಂಟು ಮೊದಲು ರಂಗಭೂಮಿಯ ಮೂಲಕ ಬಂದಿತು. ಬಾದಲ್ ಸರ್ಕಾರ್ ಅವರ ‘ಏವಂ ಇಂದ್ರಜಿತ್’ ನಾಟಕವನ್ನು ಕಾರಂತರು ಕನ್ನಡ ರಂಗಕ್ಕೆ ತಂದರು. ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ಮೊದಲಾದ ಪ್ರಯೋಗಗಳಲ್ಲಿ ಅವರ ಸಂಗೀತ ಅಲಂಕಾರವಾಗಿ ಉಳಿಯದೆ ನಾಟಕದ ಅಂಗವೇ ಆಯಿತು.

ಚಲನಚಿತ್ರ ಕ್ಷೇತ್ರದಲ್ಲಿ ಅವರ ಮೊದಲ ಹೆಜ್ಜೆ, ಶ್ರೀ ಗಿರೀಶ ಕಾರ್ನಾಡರೊಡನೆ ನಿರ್ದೇಶಿಸಿದ ‘ವಂಶವೃಕ್ಷ’. 1971ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿಯು ಸತ್ಯಜಿತ್ ರೇ ಅವರ ‘ಸೀಮಾಬದ್ಧ’ಕ್ಕೂ, ಅತ್ಯುತ್ತಮ ನಿರ್ದೇಶನದ ಪ್ರಶಸ್ತಿಯು ‘ವಂಶವೃಕ್ಷ’ಕ್ಕೂ ಸಂದವು. ನಾಲ್ಕು ವರ್ಷಗಳ ನಂತರ ಲೆಕ್ಕ ತಿರುಗಿತು. 1975ನೇ ಸಾಲಿನಲ್ಲಿ ರೇ ಅವರು ‘ಜನ ಅರಣ್ಯ’ಕ್ಕಾಗಿ ಅತ್ಯುತ್ತಮ ನಿರ್ದೇಶಕರಾದರೆ, ಸ್ವರ್ಣ ಕಮಲವು ಕಾರಂತರ ‘ಚೋಮನ ದುಡಿ’ಗೆ ಬಂದಿತು.

ಡಾ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಾಯಕ ಚೋಮ ದಲಿತ ಜೀತಗಾರ. ಅವನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಹುಟ್ಟಿದ ಜಾತಿಯ ಕಾರಣದಿಂದ ಬೇಸಾಯದ ಹಕ್ಕೇ ಅವನಿಗಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ಎತ್ತುವುದಿಲ್ಲ. ನೋವು ತಡೆಯಲಾರದಾದಾಗಲೆಲ್ಲ ಚೋಮ ದುಡಿ ಬಾರಿಸುತ್ತಾನೆ. ಮಾತಿಗಿಂತ ಆ ಬಡಿತವೇ ಪ್ರೇಕ್ಷಕರಿಗೆ ಹೆಚ್ಚಿನದನ್ನು ತಿಳಿಸುತ್ತದೆ. ರಾಜ್ಯದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾಯ್ದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿದ್ದು, ಉಳುವವನೇ ಹೊಲದೊಡೆಯನೆಂಬ ಮಾತು ಹಳ್ಳಿಹಳ್ಳಿಯಲ್ಲಿ ಕೇಳಿಬರುತ್ತಿದ್ದ ಕಾಲದಲ್ಲಿ ಈ ಚಿತ್ರ ಹೊರಬಂದಿತೆಂಬುದನ್ನು ಇಲ್ಲಿ ಗಮನಿಸಬೇಕು. ಚೋಮನ ಪಾತ್ರಧಾರಿ ಶ್ರೀ ಎಂ.ವಿ. ವಾಸುದೇವರಾವ್ ಅವರು ಅತ್ಯುತ್ತಮ ನಟ ಪ್ರಶಸ್ತಿಗೆ ಭಾಜನರಾದರು. ಇದೇ ಅಲೆಯಲ್ಲಿ, ಟೇಕಲ್‌ನಂತೆಯೇ ಮಾಲೂರು ತಾಲ್ಲೂಕಿಗೆ ಸೇರಿದ ಮಾಸ್ತಿಯ ಹೆಸರನ್ನು ನಾಡಿಗೆ ಪರಿಚಯಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕಾಕನಕೋಟೆ’ಯೂ 1977ರಲ್ಲಿ ಶ್ರೀ ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ತೆರೆಗೆ ಬಂದಿತು.

‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ ಕಾರಂತರು 1976 ಮತ್ತು 1977ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳನ್ನು ಪಡೆದರು. ತದನಂತರ ಮೃಣಾಲ್ ಸೇನ್ ಅವರ ಬಂಗಾಳಿ ಚಿತ್ರಗಳಿಗೆ ಸಂಗೀತ ನೀಡಿದರು. 1979ರ ‘ಏಕ್ ದಿನ್ ಪ್ರತಿದಿನ್’ ಚಿತ್ರದ ಕಥೆ ಬಹಳ ಸರಳವಾದುದು. ಕಲ್ಕತ್ತೆಯ ಕೆಳಮಧ್ಯಮ ವರ್ಗದ ಕುಟುಂಬವೊಂದು ಹಿರಿಯ ಮಗಳ ಸಂಬಳದ ಮೇಲೆ ನಿಂತಿದೆ. ಒಂದು ಸಂಜೆ ಅವಳು ಕೆಲಸದಿಂದ ಹಿಂದಿರುಗುವುದಿಲ್ಲ. ರಾತ್ರಿ ಕಳೆದಂತೆ ಮನೆಯವರ ಆತಂಕದಲ್ಲಿ ಮಗಳ ಬಗೆಗಿನ ಮಮತೆಯೆಷ್ಟು, ಸಂಬಳ ನಿಲ್ಲುವ ಭಯವೆಷ್ಟು, ನೆರೆಹೊರೆಯವರ ಅಂಜಿಕೆಯೆಷ್ಟು ಎಂಬುದು ಒಂದೊಂದಾಗಿ ಬಯಲಾಗುತ್ತದೆ. ಈ ಚಿತ್ರಕ್ಕಾಗಿ ಸೇನ್ ಅವರಿಗೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಲಭಿಸಿತು.

1982ರ ‘ಖಾರಿಜ್’ ಇನ್ನೂ ಕಠೋರವಾದುದು. ಚಳಿಗಾಲದ ರಾತ್ರಿ ಬೆಚ್ಚಗಿರಲೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಲಗಿದ ಮನೆಗೆಲಸದ ಬಾಲಕ ಒಲೆಯ ವಿಷಾನಿಲದಿಂದ ಸಾಯುತ್ತಾನೆ. ಯಜಮಾನ ದಂಪತಿಗಳು ಕೆಟ್ಟವರಲ್ಲ. ಆದರೂ ಪೊಲೀಸು, ವಕೀಲರು, ಹೊಣೆ ಯಾರದೆಂಬ ಚಿಂತೆಗಳ ನಡುವೆ ಸತ್ತ ಮಗುವೇ ಹಿಂದಕ್ಕೆ ಸರಿದುಹೋಗುತ್ತದೆ. ಈ ಚಿತ್ರವು 1983ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಬಹುಮಾನ ಗಳಿಸಿತು. ಇಂತಹ ಚಿತ್ರಗಳಲ್ಲಿ ಸಂಗೀತ ಕೊಂಚ ಹೆಚ್ಚಾದರೂ ಕಥೆ ಗೋಳಾಟಕ್ಕೆ ಇಳಿಯುವ ಅಪಾಯವಿರುತ್ತದೆ. ನೂರಾರು ನಾಟಕಗೀತೆಗಳಿಗೆ ಜೀವ ತುಂಬಿದ ಕಾರಂತರು ಇಲ್ಲಿ ಹಿಡಿತದಿಂದ ಕೆಲಸ ಮಾಡಿರುವುದು ಅವರ ಹಾಡುಗಳನ್ನಷ್ಟೇ ಬಲ್ಲವರಿಗೆ ಅಚ್ಚರಿ ತರಬಹುದು.

1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಅನಂತರ ಭೋಪಾಲದ ಭಾರತ ಭವನದ ರಂಗಮಂಡಲದ ಮುಖ್ಯಸ್ಥರಾಗಿ ಅವರು ಸೇವೆ ಸಲ್ಲಿಸಿದರು. 1986ರಲ್ಲಿ ಭೋಪಾಲದ ದಿನಗಳು ನೋವಿನಲ್ಲಿ ಮುಗಿದವು. ಕರ್ನಾಟಕಕ್ಕೆ ಮರಳಿದ ಅವರಿಗೆ ರಾಜ್ಯ ಸರ್ಕಾರವು 1989ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ರಂಗಾಯಣದ ಹೊಣೆ ವಹಿಸಲಾಯಿತು. ಅದರ ಮೊದಲ ನಿರ್ದೇಶಕರಾಗಿ ಕಲಾವಿದರ ತಂಡವೊಂದನ್ನು ಅವರು ಕಟ್ಟಿದರು.

ಕೇಂದ್ರ ಸರ್ಕಾರ 1981ರಲ್ಲಿ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತ್ತು. ಶ್ರೀ ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು. ‘ಫಣಿಯಮ್ಮ’ ಚಿತ್ರದ ನಿರ್ದೇಶಕಿಯಾದ ಅವರ ಪತ್ನಿ ಶ್ರೀಮತಿ ಪ್ರೇಮಾ ಕಾರಂತರು 2007ರಲ್ಲಿಯೂ, ಮೃಣಾಲ್ ಸೇನ್ ಅವರು 2018ರಲ್ಲಿಯೂ ತೀರಿಕೊಂಡರು.