ಹಾಳು ಹಂಪಿಯ ಕಾಗದ ಹುಡುಕಿದ ಕರ್ನಲ್ ಮೆಕೆಂಜಿ

1565ರಲ್ಲಿ ವಿಜಯನಗರ ಹಾಳಾದಾಗ ಅದರ ಕಾಗದಪತ್ರಗಳೂ ದಿಕ್ಕಾಪಾಲಾದವು. ದಾನಶಾಸನ ಗುಡಿಯ ಗೋಡೆಯಲ್ಲಿ, ತಾಮ್ರಪಟ ಯಾರದೋ ಮನೆಯ ಪೆಟ್ಟಿಗೆಯಲ್ಲಿ, ವಂಶಾವಳಿ ಪಾಳೆಯಗಾರರ ಬಳಿ, ಊರಿನ ಹಳೆಯ ಲೆಕ್ಕ ಶಾನುಭೋಗರ ಕಡತದಲ್ಲಿ ಉಳಿದವು. ಎರಡು ಶತಮಾನಗಳ ಮೇಲೆ ಇವನ್ನು ಊರೂರು ಸುತ್ತಿಸಿ ಹುಡುಕಿಸಿದವರು ಸ್ಕಾಟ್ಲೆಂಡಿನ ಕಾಲಿನ್ ಮೆಕೆಂಜಿ.

1754ರ ಸುಮಾರಿಗೆ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ ಹುಟ್ಟಿದ ಮೆಕೆಂಜಿ, ಅಲ್ಲಿ ಸುಂಕದ ಕಚೇರಿಯ ನೌಕರರಾಗಿದ್ದರು. 1783ರಲ್ಲಿ ಮದ್ರಾಸಿಗೆ ಬಂದು ಕಂಪನಿಯ ಸೈನ್ಯ ಸೇರಿದರು. ಮುಂದೆ ಇಂಜಿನಿಯರ್ ಆಗಿ 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿದ್ದರು. ಟಿಪ್ಪು ಮಡಿದ ಬಳಿಕ ಮೈಸೂರು ಸೀಮೆಯ ಸರ್ವೆ ಅವರ ಪಾಲಿಗೆ ಬಂತು. ಕಂಪನಿಗೆ ಬೇಕಾದದ್ದು ನಕ್ಷೆ. ಮೆಕೆಂಜಿ ಅದರ ಜೊತೆಗೆ ಪ್ರತಿ ಊರಿನ ಚರಿತ್ರೆಯನ್ನೂ ಕೇಳತೊಡಗಿದರು. ಈ ಹೆಚ್ಚಿನ ಕೆಲಸದ ಖರ್ಚಿನಲ್ಲಿ ಬಹುಪಾಲನ್ನು ಸ್ವಂತ ಜೇಬಿನಿಂದಲೇ ಕೊಟ್ಟರು.

ಹಂಪಿಯ ಪಾಳುಬಿದ್ದ ಕಟ್ಟಡಗಳನ್ನು ಅಳೆದು ಮೊದಲ ನಕ್ಷೆ ಮಾಡಿಸಿದವರೂ ಇವರೇ. ಅದು 1800ರ ಸುಮಾರಿನ ಮಾತು. ಮರುವರ್ಷ ಕಮಲಾಪುರದಲ್ಲಿ ಆನೆಗೊಂದಿ ಅರಸು ಮನೆತನದ ತಿಮ್ಮಪ್ಪ ಎಂಬುವರು ಬಾಯಿಮಾತಿನಲ್ಲಿ ಹೇಳಿದ ರಾಯರ ಚರಿತ್ರೆಯನ್ನು ಬರೆಸಿಕೊಂಡರು.

ವಿಚಿತ್ರವೆಂದರೆ ಮೆಕೆಂಜಿಗೆ ಇಲ್ಲಿನ ಒಂದು ಭಾಷೆಯೂ ಓದಲು ಬರುತ್ತಿರಲಿಲ್ಲ. ಅವರ ಕಣ್ಣು, ಕಿವಿ ಎಲ್ಲವೂ ಸಹಾಯಕರೇ. ತೆಲುಗು ಸೀಮೆಯ ಕಾವಲಿ ವೆಂಕಟ ಬೋರಯ್ಯ ಮೊದಲಿಗರು. 1803ರಲ್ಲಿ ಅವರು ತೀರಿಕೊಂಡಾಗ ತಮ್ಮ ಲಕ್ಷ್ಮಯ್ಯ ಆ ಜಾಗಕ್ಕೆ ಬಂದರು. ಹಳಗನ್ನಡದ ಶಾಸನಗಳನ್ನು ಬಿಡಿಸಿಕೊಟ್ಟವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ತಾಳವಾಡಿ ಕಡೆಯವರಿಗೆ ಚಾಮರಾಜನಗರ ಸೀಮೆಯ ಈ ಮಲೆಯೂರು ಹೊಸದೇನಲ್ಲ. 1816ರಲ್ಲಿ ಥಾಮಸ್ ಹಿಕಿ ಬರೆದ ವರ್ಣಚಿತ್ರದಲ್ಲಿ ಮೆಕೆಂಜಿ ಜೊತೆಗೆ ಮೂವರು ಭಾರತೀಯ ಸಹಾಯಕರೂ ನಿಂತಿದ್ದಾರೆ. ದೂರದಲ್ಲಿ ಕಾರ್ಕಳದ ಗೊಮ್ಮಟ ಕಾಣುತ್ತದೆ. ಇಂದಿನ ಸರ್ಕಾರಿ ವರದಿಗಳಲ್ಲಿ ಕೆಳಗಿನ ನೌಕರರಿಗೆ ಇಷ್ಟು ಜಾಗ ಸಿಗುವುದು ಅಪರೂಪ.

1800ರಲ್ಲಿ ನಿಜಾಮರು ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಆದೋನಿ, ರಾಯದುರ್ಗದ ನೆಲವೂ ಅದರಲ್ಲಿ ಸೇರಿತ್ತು. ಹೀಗೆ ಬಿಟ್ಟುಕೊಟ್ಟ ಸೀಮೆಗೂ ಮೆಕೆಂಜಿಯ ಗುಮಾಸ್ತರು ಹೋದರು. ಶಾನುಭೋಗ ಅಥವಾ ಕರಣಂ ಮನೆಯ ಲೆಕ್ಕ, ಊರ ಹಿರಿಯರ ನೆನಪು, ಗುಡಿಯ ಶಾಸನ ಇವನ್ನೆಲ್ಲ ಕೂಡಿಸಿ ಊರು ಕಟ್ಟಿದವರು ಯಾರು, ರಾಯರ ಕಾಲದಲ್ಲಿ ಯಾರಿಗೆ ಏನು ಮಾನ್ಯ ಸಿಕ್ಕಿತ್ತು, ಆಮೇಲೆ ಯಾರ ಕೈಗೆ ಹೋಯಿತು ಎಂದು ಬರೆಸಿದರು. ಇದೇ ಕೈಫಿಯತ್ತು. ಹೊಸ ಸರ್ಕಾರದವರು ಹಳೆಯ ಕಾಗದ ತೋರಿಸಿ ಎಂದರೆ ಇನಾಮು ಇದ್ದವರಿಗೆ ಅಂಜಿಕೆಯಾಗುವುದು ಸಹಜವೇ. ಆದರೂ ರಾಶಿ ಬೆಳೆಯಿತು.

1810ರಲ್ಲಿ ಮದ್ರಾಸಿನ, 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಹುದ್ದೆ ಬಂತು. 1817ರಲ್ಲಿ ಕಲ್ಕತ್ತೆಗೆ ಹೋಗುವಾಗ ಸಂಗ್ರಹವನ್ನೂ ಕೆಲವು ಸಹಾಯಕರನ್ನೂ ಕರೆದೊಯ್ದರು. ಎಲ್ಲವನ್ನೂ ವಿವರಿಸುವ ಪಟ್ಟಿಯೊಂದನ್ನು ಮಾಡಬೇಕೆಂಬುದು ಅವರ ಹಂಬಲ. ಆದರೆ ಕಲ್ಕತ್ತೆಯಲ್ಲಿ ದಕ್ಷಿಣದ ಲಿಪಿ ಓದುವವರೇ ವಿರಳ. ಆರೋಗ್ಯವೂ ಕೆಟ್ಟಿತ್ತು. 1821ರ ಮೇ 8ರಂದು ಹೂಗ್ಲಿ ನದಿಯ ದೋಣಿಯಲ್ಲಿ ಮೆಕೆಂಜಿ ಕೊನೆಯುಸಿರೆಳೆದರು. ಪಟ್ಟಿ ಆಗಿರಲಿಲ್ಲ.

ಮೆಕೆಂಜಿಯವರ ಪತ್ನಿಯಿಂದ ಸಂಗ್ರಹವನ್ನು ಸರ್ಕಾರ ಕೊಂಡುಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪಟ್ಟಿ ಅಚ್ಚು ಮಾಡಿಸಿದರು. ಅದರ ಲೆಕ್ಕ ಹೀಗಿದೆ: ಗ್ರಂಥಗಳ ಹಸ್ತಪ್ರತಿ 1,568, ಸ್ಥಳೀಯ ವೃತ್ತಾಂತ 2,070, ಶಾಸನ 8,076, ಚಿತ್ರ 2,630, ನಾಣ್ಯ 6,218. ಆದರೆ ವಿಲ್ಸನ್ ಸಂಸ್ಕೃತದ ಪಂಡಿತರು. ಕನ್ನಡ, ತೆಲುಗು ಅವರದಲ್ಲ. ಸಹಾಯಕರು ಮಾಡಿದ ಸಾರಾಂಶವನ್ನೇ ನಂಬಬೇಕಾಯಿತು. ಯಾವ ಕಟ್ಟಿನಲ್ಲಿ ಏನಿದೆ ಎಂದು ಬಲ್ಲ ಲಕ್ಷ್ಮಯ್ಯ, ಉಳಿದ ಕೆಲಸ ತಾನು ಮುಂದುವರಿಸುತ್ತೇನೆಂದು ಕೇಳಿಕೊಂಡರೂ ಏಷ್ಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಇಡೀ ಕಥೆಯಲ್ಲಿ ದೊಡ್ಡ ನಷ್ಟ ಇದೇ.

ಕೂಡಿಸಿದ್ದು ಮತ್ತೆ ಹಂಚಿಹೋಯಿತು. ಒಂದಿಷ್ಟು ಲಂಡನ್ನಿಗೆ, ಒಂದಿಷ್ಟು ಮದ್ರಾಸಿಗೆ, ಕೆಲವು ಶಿಲ್ಪಗಳು ಕಲ್ಕತ್ತೆಯಲ್ಲೇ. ಮದ್ರಾಸಿನ ಕಾಗದಗಳು ಹುಳು ಹಿಡಿಯುತ್ತಿದ್ದಾಗ ಸಿ. ಪಿ. ಬ್ರೌನ್ ತೆಲುಗು ಕಟ್ಟುಗಳನ್ನು ನಕಲು ಮಾಡಿಸಿ ಉಳಿಸಿದರು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿ ಅವರ ಸಂಪಾದನೆಯಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದಲೇ ಪುಸ್ತಕವಾಗಿ ಬಂದವು.

ಮೂಲ ಕಟ್ಟುಗಳು ಚೆನ್ನೈನ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಅಲ್ಲಿ ಗಡಿಯ ಊರೊಂದರ ಕೈಫಿಯತ್ತು ಹುಡುಕುವವರು ಕನ್ನಡದ ಪಟ್ಟಿಯೊಂದನ್ನೇ ನೋಡಿ ಎದ್ದುಬರಬಾರದು. ಬರೆದ ಕರಣಿಕನಿಗೆ ಯಾವ ಭಾಷೆ ಕೈಗೆ ಒಗ್ಗಿತ್ತೋ ಅದರಲ್ಲೇ ಬರೆದಿದ್ದಾನೆ. ತೆಲುಗು, ಮರಾಠಿ ಕಟ್ಟುಗಳನ್ನೂ ಬಿಚ್ಚಿಸಿ ನೋಡಬೇಕು.