ದಿವಾಳಿಯಾದ ಕಂಪೆನಿಗೆ ಮರಳಿ ಬಂದ ನಿವೃತ್ತ

1971ರ ಫೆಬ್ರುವರಿ 4ರಂದು ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪೆನಿ ದಿವಾಳಿ ಎದ್ದಿತು. ನಮ್ಮಲ್ಲಿ ಹೆಚ್ಚಿನವರು ಮಹಾರಾಜರ ಕಾರುಗಳ ಮೂಲಕವೇ ಬಲ್ಲ ಈ ಸಂಸ್ಥೆಯನ್ನು ಮುಳುಗಿಸಿದ್ದು ಕಾರಲ್ಲ. ಆರ್‌ಬಿ 211 ಎಂಬ ಒಂದು ವಿಮಾನ ಎಂಜಿನ್. ಇಂದು ದೊಡ್ಡ ಪ್ರಯಾಣಿಕ ವಿಮಾನಗಳ ರೆಕ್ಕೆಯಡಿ ತೂಗುವ ಅಗಲ ಬಾಯಿಯ ಟರ್ಬೋಫ್ಯಾನ್ ಎಂಜಿನ್ನುಗಳ ಮೊದಲ ತಲೆಮಾರಿಗೆ ಸೇರಿದ್ದು ಅದು. ಆ ಎಂಜಿನ್ನನ್ನು ಹಳಿಗೆ ತಂದ ತಂಡದ ಮುಖ್ಯಸ್ಥರು ನಿವೃತ್ತರಾಗಿದ್ದ, 63 ವರ್ಷದ ಗಣಿತಜ್ಞ ಸ್ಟಾನ್ಲಿ ಹೂಕರ್.

ಹೂಕರ್ ಹುಟ್ಟಿದ್ದು 1907ರ ಸೆಪ್ಟೆಂಬರ್ 30ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಶೀರ್‌ನೆಸ್ ಎಂಬ ಬಂದರು ಪಟ್ಟಣದಲ್ಲಿ. ವಿದ್ಯಾರ್ಥಿವೇತನದ ಬಲದಿಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಣಿತ ಕಲಿತು, ಆಕ್ಸ್‌ಫರ್ಡಿನಲ್ಲಿ 1935ರಲ್ಲಿ ಡಾಕ್ಟರೇಟ್ ಪಡೆದರು. 1937ರಲ್ಲಿ ಮಾರ್ಗರೆಟ್ ಬ್ರಾಡ್‌ಬರಿ ಅವರನ್ನು ವಿವಾಹವಾದರು. ಅರ್ಥಶಾಸ್ತ್ರ ಓದಿದವರಿಗೆ ಈ ಮನೆತನದ ಹೆಸರು ಅಪರಿಚಿತವಲ್ಲ. ಆಕೆಯ ತಂದೆ ಲಾರ್ಡ್ ಬ್ರಾಡ್‌ಬರಿ ಬ್ರಿಟಿಷ್ ಖಜಾನೆಯ ಕಾರ್ಯದರ್ಶಿಯಾಗಿದ್ದವರು. 1914ರ ಖಜಾನೆ ನೋಟುಗಳ ಮೇಲೆ ಅವರ ರುಜು ಇದ್ದುದರಿಂದ ಜನ ಆ ನೋಟುಗಳನ್ನೇ ಬ್ರಾಡ್‌ಬರಿ ಎಂದು ಕರೆಯುತ್ತಿದ್ದರು. 1925ರಲ್ಲಿ ಬ್ರಿಟನ್ ಚಿನ್ನದ ಮಾನಕ್ಕೆ ಮರಳುವಂತೆ ಸಲಹೆ ಕೊಟ್ಟ ಸಮಿತಿಯನ್ನು ಕೊನೆಯ ಹಂತದಲ್ಲಿ ಮುನ್ನಡೆಸಿದವರೂ ಅವರೇ. ಕಟ್ಟುನಿಟ್ಟಿನ ಹಣಕಾಸಿಗೆ ಹೆಸರಾದವರ ಅಳಿಯ ಮುಂದೆ ಸರ್ಕಾರಿ ಖಜಾನೆಯ ಬಾಗಿಲು ತಟ್ಟಿದ ಅತ್ಯಂತ ದುಬಾರಿ ಎಂಜಿನ್ನಿನ ಹೊಣೆ ಹೊತ್ತದ್ದು ಇತಿಹಾಸದ ಒಂದು ವಿನೋದ.

1938ರ ಆರಂಭದಲ್ಲಿ ಹೂಕರ್ ಡರ್ಬಿಯ ರೋಲ್ಸ್ ರಾಯ್ಸ್ ಕಾರ್ಖಾನೆ ಸೇರಿದರು. ಅಲ್ಲಿನ ಮುಖ್ಯಸ್ಥ ಅರ್ನೆಸ್ಟ್ ಹೈವ್ಸ್ ಸಂದರ್ಶನದಲ್ಲಿಯೇ, ಈತ ಎಂಜಿನಿಯರ್ ಆಗಿ ಅಷ್ಟಕ್ಕಷ್ಟೆ ಎಂಬ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿದರಂತೆ. ಕೆಲಸವನ್ನೇನೋ ಕೊಟ್ಟರು. ಮರ್ಲಿನ್ ಎಂಜಿನ್ನಿನ ಸೂಪರ್‌ಚಾರ್ಜರ್ ಪರೀಕ್ಷೆಗಳ ವರದಿ ಹೂಕರ್ ಕೈಸೇರಿತು. ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ ಅದನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವದು. ಅನುಭವಿಗಳು ಅಂದಾಜಿನ ಮೇಲೆ ರೂಪಿಸಿದ್ದ ಆ ಯಂತ್ರವನ್ನು ಹೂಕರ್ ಲೆಕ್ಕಕ್ಕೆ ಒಗ್ಗಿಸಿದರು. ಅದರ ದಕ್ಷತೆಯನ್ನು ಗಣನೀಯವಾಗಿ ಹೆಚ್ಚಿಸಬಹುದೆಂದು ತೋರಿಸಿದರು. ಮುಂದೆ ಎರಡು ಹಂತದ ಸೂಪರ್‌ಚಾರ್ಜರ್ ಬಂತು. ಅದನ್ನು ಹೊತ್ತ ಸ್ಪಿಟ್‌ಫೈರ್ 1942ರಲ್ಲಿ ಜರ್ಮನಿಯ ಫಾಕೆವುಲ್ಫ್ 190 ವಿಮಾನಕ್ಕೆ ಸರಿಸಮನಾಗಿ ನಿಂತಿತು. ಆ ಜರ್ಮನ್ ವಿಮಾನದ ವಿನ್ಯಾಸಕಾರ ಕುರ್ಟ್ ಟ್ಯಾಂಕ್. ಈ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಜೆಟ್ ಎಂಜಿನ್ನಿನ ಜನಕ ಫ್ರಾಂಕ್ ವಿಟ್ಲ್ ಅವರ ಕೆಲಸವನ್ನು ಹೈವ್ಸ್ ಗಮನಕ್ಕೆ ತಂದವರು ಹೂಕರ್. ವಿಟ್ಲ್ ಎಂಜಿನ್ ತಯಾರಿಸಲು ಸರ್ಕಾರ ರೋವರ್ ಕಾರು ಕಂಪೆನಿಗೆ ವಹಿಸಿತ್ತು, ಕೆಲಸ ಕುಂಟುತ್ತಿತ್ತು. ರೋಲ್ಸ್ ರಾಯ್ಸ್ ತನ್ನ ಟ್ಯಾಂಕ್ ಎಂಜಿನ್ ಘಟಕವನ್ನು ರೋವರ್‌ಗೆ ಕೊಟ್ಟು, ಬಾರ್ನಲ್ಡ್ಸ್‌ವಿಕ್ ಊರಿನ ಜೆಟ್ ಘಟಕವನ್ನು 1943ರಲ್ಲಿ ತಾನು ಪಡೆಯಿತು. ಹೂಕರ್ ಅಲ್ಲಿಯ ಮುಖ್ಯ ಎಂಜಿನಿಯರ್ ಆದರು. ಆರ್‌ಬಿ ಎಂಬ ಅಕ್ಷರಗಳು ರೋಲ್ಸ್ ಮತ್ತು ಬಾರ್ನಲ್ಡ್ಸ್‌ವಿಕ್ ಹೆಸರುಗಳ ಮೊದಲಕ್ಷರಗಳು. ವೆಲೆಂಡ್, ಡರ್ವೆಂಟ್, ನೀನ್ ಎಂದು ನದಿಗಳ ಹೆಸರಿಡುವ ಸಂಪ್ರದಾಯವೂ ಅಲ್ಲಿಯೇ ಮೊದಲಾಯಿತು. ಯುದ್ಧಾನಂತರ ಬ್ರಿಟನ್ನಿನ ಲೇಬರ್ ಸರ್ಕಾರ ನೀನ್ ಎಂಜಿನ್ನನ್ನು ಸೋವಿಯತ್ ಒಕ್ಕೂಟಕ್ಕೆ ಮಾರಿತು. ಅದರ ನಕಲೇ ಮಿಗ್ 15ರ ಒಳಗೆ ಕುಳಿತು ಕೊರಿಯಾದ ಆಕಾಶದಲ್ಲಿ ಪಾಶ್ಚಾತ್ಯ ವಿಮಾನಗಳನ್ನು ಎದುರಿಸಿತು. ರಫ್ತು ಆದಾಯದ ಆಸೆಗೆ ಇಂಥ ಬೆಲೆ ತೆತ್ತ ಉದಾಹರಣೆ ಅಪರೂಪ.

ಯುದ್ಧ ಮುಗಿದ ಮೇಲೆ ಹೈವ್ಸ್ ಅವರೊಂದಿಗೆ ವಿರಸ ಬೆಳೆಯಿತು. ಏವನ್ ಎಂಜಿನ್ನಿನ ತೊಂದರೆಗಳು ಅದಕ್ಕೆ ತುಪ್ಪ ಸುರಿದವು. 1949ರಲ್ಲಿ ಹೂಕರ್ ಪ್ರತಿಸ್ಪರ್ಧಿ ಬ್ರಿಸ್ಟಲ್ ಕಂಪೆನಿಗೆ ಹೋದರು. ಅಲ್ಲಿ ಪ್ರೋಟಿಯಸ್‌ನ ದೋಷಗಳನ್ನು ತಿದ್ದಿದರು. ಮುಂದೆ ಕಾಂಕಾರ್ಡ್ ವಿಮಾನಕ್ಕೆ ಮೂಲವಾದ ಒಲಿಂಪಸ್ ಅನ್ನು ಬೆಳೆಸಿದರು. ನೆಟ್ಟಗೆ ಮೇಲೇರುವ ಹ್ಯಾರಿಯರ್‌ನ ಪೆಗಾಸಸ್ ಎಂಜಿನ್ನೂ ಅವರ ನೇತೃತ್ವದಲ್ಲಿ ರೂಪುಗೊಂಡದ್ದು. ಗೋವಾದಿಂದ ಹಾರುತ್ತಿದ್ದ ನಮ್ಮ ನೌಕಾಪಡೆಯ ಸೀ ಹ್ಯಾರಿಯರ್‌ಗಳು 2016ರಲ್ಲಿ ನಿವೃತ್ತಿಯಾಗುವ ತನಕ ಅದನ್ನೇ ನಂಬಿದ್ದವು.

ಬೆಂಗಳೂರಿಗೆ ಹೆಚ್ಚು ಹತ್ತಿರದ್ದು ಆರ್ಫಿಯಸ್. ಸರಳ, ಹಗುರ, ಅಗ್ಗದ ಈ ಜೆಟ್ ಎಂಜಿನ್ನನ್ನು ಎಚ್‌ಎಎಲ್ ಪರವಾನಗಿ ಪಡೆದು ಬೆಂಗಳೂರಿನಲ್ಲಿ ತಯಾರಿಸಿತು. 1965ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್ ವಿಮಾನದಲ್ಲಿದ್ದುದು ಅದೇ. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಎಚ್‌ಎಫ್ 24 ಮಾರುತ್‌ನಲ್ಲಿದ್ದುದೂ ಅದೇ. ಮಾರುತ್‌ನ ವಿನ್ಯಾಸಕಾರ ಮತ್ತಾರೂ ಅಲ್ಲ, ಕುರ್ಟ್ ಟ್ಯಾಂಕ್. ಯುರೋಪಿನ ಆಕಾಶದಲ್ಲಿ ಎದುರಾಳಿಗಳಾಗಿದ್ದ ಇಬ್ಬರ ಕೈಕೆಲಸ ನಮ್ಮ ಊರಿನಲ್ಲಿ ಒಂದೇ ವಿಮಾನದಲ್ಲಿ ಸೇರಿತು. ಆದರೆ ಮಾರುತ್‌ಗೆ ಬೇಕಿದ್ದುದು ಆರ್ಫಿಯಸ್‌ನ ಇನ್ನೂ ಬಲಿಷ್ಠ ರೂಪ. ಅದರ ಅಭಿವೃದ್ಧಿ ವೆಚ್ಚದಿಂದ ಬ್ರಿಟನ್ ಹಿಂದೆ ಸರಿಯಿತು. ಭರಿಸಲು ನಮ್ಮ ಸರ್ಕಾರವೂ ಒಪ್ಪಲಿಲ್ಲ. ಒಳ್ಳೆಯ ವಿಮಾನವೊಂದು ಶಕ್ತಿ ಸಾಲದ ಎಂಜಿನ್ನಿನೊಂದಿಗೆ ಬದುಕು ಸವೆಸಿತು. ಕಡತಗಳ ನಡುವೆ ದಶಕಗಳನ್ನು ಕಳೆದವನಾಗಿ ಹೇಳುವುದಾದರೆ, ವೆಚ್ಚ ತಡೆದ ಟಿಪ್ಪಣಿಗೆ ಅಂದು ಯಾವ ಆಕ್ಷೇಪವೂ ಬಂದಿರಲಾರದು. ಉಳಿಸಿದ ಹಣ ಲೆಕ್ಕಪತ್ರದಲ್ಲಿ ಕಾಣುತ್ತದೆ. ಕಳೆದುಕೊಂಡ ವಿದ್ಯೆಗೆ ಅಲ್ಲಿ ಕಾಲಂ ಇಲ್ಲ.

1966ರಲ್ಲಿ ರೋಲ್ಸ್ ರಾಯ್ಸ್ ತನ್ನ ಪ್ರತಿಸ್ಪರ್ಧಿಯನ್ನು ಕೊಂಡುಕೊಂಡಿತು. ಹೂಕರ್ ಹಳೆಯ ಮಾಲೀಕರ ನೆರಳಿಗೇ ಮರಳಿದಂತಾಯಿತು. ಮರುವರ್ಷ ಪೂರ್ಣಾವಧಿ ಹುದ್ದೆ ಬಿಟ್ಟರು. ಅದೇ ಹೊತ್ತಿಗೆ ಡರ್ಬಿಯಲ್ಲಿ ಆರ್‌ಬಿ 211 ಆಕಾರ ಪಡೆಯುತ್ತಿತ್ತು.

ಅದರ ತತ್ವ ಸರಳ. ಜೆಟ್‌ನ ನೂಕುಬಲ, ಹಿಂದಕ್ಕೆ ತಳ್ಳುವ ಗಾಳಿಯ ಪ್ರಮಾಣ ಮತ್ತು ವೇಗಗಳ ಗುಣಲಬ್ಧ. ತಗಲುವ ಶಕ್ತಿ ಮಾತ್ರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎರಡರಷ್ಟು ಗಾಳಿಯನ್ನು ಅರ್ಧ ವೇಗದಲ್ಲಿ ತಳ್ಳಿದರೆ ಸ್ಥೂಲವಾಗಿ ಅರ್ಧ ಶಕ್ತಿಗೆ ಅಷ್ಟೇ ನೂಕುಬಲ ದೊರೆಯುತ್ತದೆ. ಹಾಗಾಗಿ ಮುಂದೆ ದೊಡ್ಡ ಫ್ಯಾನ್ ಇಟ್ಟು, ಗಾಳಿಯ ಬಹುಭಾಗವನ್ನು ಉರಿಯುವ ಒಡಲಿನ ಹೊರಗಿನಿಂದಲೇ ಹಾಯಿಸಬೇಕು. ಇದೇ ಬೈಪಾಸ್. 1960ರಲ್ಲಿ ಏರ್ ಇಂಡಿಯಾ ತಂದ ಬೋಯಿಂಗ್ 707ಗಳ ಕಾನ್ವೇ ಎಂಜಿನ್ನಿನಲ್ಲಿ ಹೊರಗೆ ಹಾಯುತ್ತಿದ್ದ ಗಾಳಿ ಒಳಗಿನದರ ಮೂರನೆಯ ಒಂದು ಭಾಗದಷ್ಟು. ಆರ್‌ಬಿ 211ರಲ್ಲಿ ಅದು ಸುಮಾರು ಐದು ಪಟ್ಟು. ಜೊತೆಗೆ ಒಂದರೊಳಗೊಂದು ತಿರುಗುವ ಮೂರು ದಂಡಗಳು, ಫ್ಯಾನಿಗೆ ಕಾರ್ಬನ್ ನಾರಿನ ಅಲಗುಗಳು. ಎಲ್ಲವೂ ಹೊಸತು, ಎಲ್ಲವೂ ಒಟ್ಟಿಗೇ.

1968ರ ಮಾರ್ಚಿನಲ್ಲಿ ಅಮೆರಿಕದ ಲಾಕ್‌ಹೀಡ್ ತನ್ನ ಟ್ರೈಸ್ಟಾರ್ ವಿಮಾನಕ್ಕೆ ಇದನ್ನು ಆರಿಸಿತು. ಬೆಲೆ ಮೊದಲೇ ನಿಗದಿ, ತಡವಾದರೆ ದಂಡ. ಅಭಿವೃದ್ಧಿಯ ಅಂದಾಜು 6.55 ಕೋಟಿ ಪೌಂಡ್, ಅದರ ಶೇ 70ರಷ್ಟು ಸರ್ಕಾರದ್ದು. ಎರಡು ವರ್ಷದಲ್ಲಿ ಲೆಕ್ಕ ಹಳ್ಳ ಹಿಡಿಯಿತು. ಹಕ್ಕಿ ಬಡಿದರೆ ತಡೆಯುವುದೇ ಎಂದು ನೋಡಲು ತಿರುಗುವ ಫ್ಯಾನಿಗೆ ಸತ್ತ ಕೋಳಿಯನ್ನು ಹಾರಿಸಿದಾಗ ಕಾರ್ಬನ್ ಅಲಗುಗಳು ಚೂರಾದವು. ಟೈಟಾನಿಯಂಗೆ ಹೊರಳಬೇಕಾಯಿತು. ನೂಕುಬಲ ಒಪ್ಪಂದದ ಮಟ್ಟ ಮುಟ್ಟಲಿಲ್ಲ. ಟರ್ಬೈನ್ ಅತಿಯಾಗಿ ಕಾಯುತ್ತಿತ್ತು. 1970ರ ಸೆಪ್ಟೆಂಬರ್ ಹೊತ್ತಿಗೆ ಅಂದಾಜು 17.03 ಕೋಟಿ ಪೌಂಡಿಗೇರಿತ್ತು. ಪ್ರತಿ ಎಂಜಿನ್ನಿನ ತಯಾರಿಕೆ ವೆಚ್ಚ 2,30,375 ಪೌಂಡ್ ಮಾರಾಟ ಬೆಲೆಯನ್ನೇ ಮೀರಿತ್ತು. ಮಾರಿದಷ್ಟೂ ನಷ್ಟ! ಸಂಶೋಧನೆಯ ಖರ್ಚನ್ನು ಆಸ್ತಿಯೆಂದು ಪುಸ್ತಕದಲ್ಲಿ ತೋರಿಸುವ ಪದ್ಧತಿ ಈ ರೋಗವನ್ನು ವರ್ಷಗಟ್ಟಲೆ ಮರೆಮಾಚಿತ್ತು.

ಈ ಹಂತದಲ್ಲಿ ಆಡಳಿತಗಾರ ಹ್ಯೂ ಕಾನ್ವೇ ಅವರ ಒತ್ತಾಯಕ್ಕೆ ಮಣಿದು ಹೂಕರ್ ಡರ್ಬಿಗೆ ಬಂದರು. ತಮ್ಮಂತೆಯೇ ನಿವೃತ್ತರಾಗಿದ್ದ, ತಮಗಿಂತಲೂ ಹಿರಿಯರಾದ ಸಿರಿಲ್ ಲವ್ಸಿ ಮತ್ತು ಆರ್ಥರ್ ರಬ್ರಾ ಅವರನ್ನು ಜೊತೆಗೂಡಿಸಿಕೊಂಡರು. ದಶಕಗಳ ಹಿಂದೆ ಮರ್ಲಿನ್ ಮೇಲೆ ದುಡಿದ ಮುದುಕರ ಪಡೆ ಇದು. ಅವರು ಹೊಸ ಸಿದ್ಧಾಂತವನ್ನೇನೂ ತರಲಿಲ್ಲ. ತಾಪ ಎಲ್ಲಿ ಏರುತ್ತಿದೆ, ಗಾಳಿ ಎಲ್ಲಿ ಪೋಲಾಗುತ್ತಿದೆ ಎಂದು ಬಿಡಿಭಾಗವಾಗಿ ನೋಡಿ, ಟರ್ಬೈನನ್ನೂ ಅದರ ಅಲಗು ತಂಪಾಗಿಸುವ ವ್ಯವಸ್ಥೆಯನ್ನೂ ತಿದ್ದಿಸಿದರು. ಇದನ್ನು ಕೇವಲ ಒಬ್ಬರ ಪವಾಡವೆಂದು ಹೇಳುವುದು ಡರ್ಬಿಯ ಎಂಜಿನಿಯರುಗಳಿಗೆ ಮಾಡುವ ಅನ್ಯಾಯ. ಮೂರು ದಂಡಗಳ ಮೂಲ ವಿನ್ಯಾಸ ಅವರದೇ, ಅದು ಸರಿಯಾಗಿಯೇ ಇತ್ತು. ಗೊಂದಲದ ನಡುವೆ ಯಾವುದನ್ನು ಮೊದಲು ಸರಿಪಡಿಸಬೇಕೆಂದು ತೀರ್ಮಾನಿಸಬಲ್ಲ, ಎಲ್ಲರೂ ಒಪ್ಪುವ ಒಂದು ದನಿ ಬೇಕಿತ್ತು.

ಕೆಲಸ ಅರ್ಧದಲ್ಲಿರುವಾಗಲೇ ಕಂಪೆನಿ ಬಿದ್ದಿತು. ಸೋಲುವ ಉದ್ಯಮಗಳನ್ನು ಸಾಕುವುದಿಲ್ಲವೆಂದು ಸಾರುತ್ತ 1970ರಲ್ಲಿ ಅಧಿಕಾರಕ್ಕೆ ಬಂದಿದ್ದ ಎಡ್ವರ್ಡ್ ಹೀತ್ ಅವರ ಕನ್ಸರ್ವೇಟಿವ್ ಸರ್ಕಾರ ಎಂಜಿನ್ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ವಾಯುಪಡೆಯ ಎಂಜಿನ್ನುಗಳಿಗೆ ಬೇರೆ ಗತಿ ಇರಲಿಲ್ಲ. ಷೇರುದಾರರೂ ಸಣ್ಣ ಪೂರೈಕೆದಾರರೂ ಪೆಟ್ಟು ತಿಂದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಲಾಕ್‌ಹೀಡ್ ಜೊತೆ ಹೆಚ್ಚಿನ ಬೆಲೆಗೆ ಹೊಸ ಒಪ್ಪಂದವಾಯಿತು. ಅದಕ್ಕೂ ಮುಂಚೆ ಅಮೆರಿಕ ಸರ್ಕಾರ ಲಾಕ್‌ಹೀಡ್‌ಗೆ 25 ಕೋಟಿ ಡಾಲರ್ ಸಾಲದ ಖಾತರಿ ನೀಡಬೇಕಿತ್ತು. 1971ರ ಆಗಸ್ಟಿನಲ್ಲಿ ಸೆನೆಟ್ ಅದನ್ನು 49–48 ಮತಗಳಿಂದ ಒಪ್ಪಿತು. ಮುಕ್ತ ಮಾರುಕಟ್ಟೆಯ ಎರಡು ತವರುಮನೆಗಳು ಒಂದೇ ಎಂಜಿನ್ನಿಗಾಗಿ ಬೊಕ್ಕಸದ ಬಾಗಿಲು ತೆರೆದವು. ನಮಗೆ ಸಬ್ಸಿಡಿಯ ಕುರಿತು ಉಪದೇಶ ಮಾಡುವಾಗ ಈ ಪ್ರಕರಣವನ್ನು ಅವರು ನೆನೆಯುವುದು ಕಡಿಮೆ.

ಹೂಕರ್ ಹೊಸ ಸರ್ಕಾರಿ ಕಂಪೆನಿಯ ತಾಂತ್ರಿಕ ನಿರ್ದೇಶಕರಾದರು. 1972ರ ಏಪ್ರಿಲ್‌ನಲ್ಲಿ ಎಂಜಿನ್ನಿಗೆ ಪ್ರಮಾಣಪತ್ರ ದೊರೆತು, ಅದೇ ತಿಂಗಳು ಟ್ರೈಸ್ಟಾರ್ ಸಂಚಾರ ಆರಂಭಿಸಿತು. 1974ರಲ್ಲಿ ಅವರಿಗೆ ಸರ್ ಪದವಿ ಬಂತು. ಇನ್ನೂ ಬಲಿಷ್ಠವಾದ 524 ಮಾದರಿಗಾಗಿ ಅವರು ಪಟ್ಟು ಹಿಡಿದರು. ಅದು 1977ರಿಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747ಗಳಲ್ಲಿ ಹಾರಿತು.

ಲಾಕ್‌ಹೀಡ್ ಒಟ್ಟು 250 ಟ್ರೈಸ್ಟಾರ್‌ಗಳನ್ನು ಕಟ್ಟಿ, ನಷ್ಟ ತಾಳಲಾರದೆ ಪ್ರಯಾಣಿಕ ವಿಮಾನಗಳ ವ್ಯಾಪಾರವನ್ನೇ ಬಿಟ್ಟಿತು. ಎಂಜಿನ್ ಮಾತ್ರ ಉಳಿಯಿತು. ಟ್ರೆಂಟ್ ಎಂಬ ನದಿಯ ಹೆಸರಿನಲ್ಲಿ ಅದರ ವಂಶ ಮುಂದುವರಿದಿದೆ. 2024ರಲ್ಲಿ ಏರ್ ಇಂಡಿಯಾ ಬಳಕೆಗೆ ತಂದ ಏರ್‌ಬಸ್ ಎ350ರಲ್ಲೂ ಅವೇ ಮೂರು ದಂಡಗಳು. ರೋಲ್ಸ್ ರಾಯ್ಸ್ 1987ರಲ್ಲಿ ಮತ್ತೆ ಖಾಸಗಿಯಾಯಿತು. ಅದನ್ನು ನೋಡಲು ಹೂಕರ್ ಇರಲಿಲ್ಲ. 1984ರ ಮೇ 24ರಂದು ತೀರಿಕೊಂಡಿದ್ದರು. ಅದೇ ವರ್ಷ ಹೊರಬಂದ ಆತ್ಮಕಥೆಗೆ ಅವರು ಆರಿಸಿಕೊಂಡ ಶೀರ್ಷಿಕೆ, 1938ರ ಸಂದರ್ಶನದಲ್ಲಿ ಹೈವ್ಸ್ ತಮ್ಮ ಬಗ್ಗೆ ಆಡಿದ್ದ ಆ ಮಾತು.